ಸ್ಪಿತಿಗೆ ಹೊರಡುವ ಮುನ್ನ: ಸುಮ್ಮನೆ ಕೂತವರ ಲೆಕ್ಕವೂ ಇರಲಿ



ನಾನು ಸಾಫ್ಟ್‌ವೇರ್ ಎಂಜಿನಿಯರ್. ಮನೆ ಓಲ್ಡ್ ರಾಜಿಂದರ್ ನಗರದಲ್ಲಿ. ನಮ್ಮ ಬೀದಿಯ ತುಂಬ ಐಎಎಸ್ ಕೋಚಿಂಗ್‌ಗೆ ಬಂದ ಮಕ್ಕಳು. ಬಡಾ ಬಜಾರ್ ರಸ್ತೆಯ ಚಹಾ ಅಂಗಡಿಯ ಮುಂದೆ ನಿಂತರೆ ಒಮ್ಮೊಮ್ಮೆ ಹಾಸನದ ಕನ್ನಡ, ಧಾರವಾಡದ ಕನ್ನಡ ಎರಡೂ ಕಿವಿಗೆ ಬೀಳುತ್ತವೆ. ಕಳೆದ ಸೆಪ್ಟೆಂಬರ್‌ನಲ್ಲಿ ನಾನು, ನನ್ನ ಅತ್ತಿಗೆ ಮತ್ತು ಹಾಸನದಿಂದ ಬಂದಿದ್ದ ನನ್ನ ಅಮ್ಮ, ಮೂವರೇ ಕಾರಿನಲ್ಲಿ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗಿ ಬಂದೆವು. ನಮ್ಮ ಯಜಮಾನರು ಮಗನನ್ನು ನೋಡಿಕೊಂಡು ಮನೆಯಲ್ಲಿದ್ದರು. ಫೋಟೋಗಳನ್ನು ನೀವೆಲ್ಲ ವಾಟ್ಸಾಪ್‌ನಲ್ಲಿ ನೋಡಿಯಾಗಿದೆ. ಹಾಗಾಗಿ ಇವತ್ತು ಫೋಟೋದಲ್ಲಿ ಕಾಣದ ಭಾಗವನ್ನು, ಅಂದರೆ ಪ್ರವಾಸದ ತಯಾರಿಯನ್ನು ಹೇಳುತ್ತೇನೆ.

ಮೊದಲನೆಯ ಮಾತು: ಬೆಟ್ಟದ ದಾರಿಯನ್ನು ಕಿಲೋಮೀಟರ್‌ನಲ್ಲಿ ಅಳೆಯಬೇಡಿ, ಎತ್ತರದಲ್ಲಿ ಅಳೆಯಿರಿ. ನಮ್ಮ ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ, ಸುಮಾರು 1,930 ಮೀಟರ್. ಸ್ಪಿತಿಯ ಮುಖ್ಯ ಊರು ಕಾಜಾ ಸುಮಾರು 3,650 ಮೀಟರ್ ಎತ್ತರದಲ್ಲಿದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಸುಮಾರು ಮೂರನೇ ಎರಡು ಭಾಗ. ನೀರು 88 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಅನ್ನ, ಬೇಳೆ ಬೇಗ ಬೇಯುವುದಿಲ್ಲ. ಬೇಳೆಗೇ ಇಷ್ಟು ಕಷ್ಟವಾದರೆ ನಮ್ಮ ದೇಹಕ್ಕೆ ಆಗದೇ ಇರುತ್ತದೆಯೇ?

ವೈದ್ಯರು ಹೇಳುವ ಸೂತ್ರ ಸರಳ. 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಏರದೆ ಉಳಿಯಬೇಕು. ಈ ಸೂತ್ರ ಇಟ್ಟುಕೊಂಡು ನಕ್ಷೆ ನೋಡಿದರೆ ಸ್ಪಿತಿಗೆ ಎರಡು ದಾರಿ. ಮನಾಲಿ ಕಡೆಯದು ಹತ್ತಿರ. 2020ರ ಅಕ್ಟೋಬರ್‌ನಲ್ಲಿ ತೆರೆದ, ಒಂಬತ್ತು ಕಿಲೋಮೀಟರ್ ಉದ್ದದ ಅಟಲ್ ಸುರಂಗ ಆ ದಾರಿಯನ್ನು ಇನ್ನೂ ಸಲೀಸು ಮಾಡಿದೆ. ಆದರೆ ಮನಾಲಿ ಇರುವುದು ಸುಮಾರು 2,050 ಮೀಟರ್‌ನಲ್ಲಿ. ಅಲ್ಲಿಂದ ಹೊರಟು 4,500 ಮೀಟರ್ ದಾಟಿದ ಕುಂಜುಮ್ ಕಣಿವೆದಾರಿ ಹತ್ತಿಳಿದು ಅದೇ ರಾತ್ರಿ ಕಾಜಾದಲ್ಲಿ ಮಲಗಿದರೆ, ಒಂದೇ ದಿನ 1,600 ಮೀಟರ್ ಏರಿದಂತೆ.

ಶಿಮ್ಲಾ, ಕಿನ್ನೌರ್ ಮೂಲಕ ಹೋಗುವ ಇನ್ನೊಂದು ದಾರಿ ಉದ್ದ. ಆದರೆ ಅದು ಮೆಟ್ಟಿಲು ಹತ್ತಿದಂತೆ. ನಾವು ಆರಿಸಿದ್ದು ಅದನ್ನೇ. ಬೆಳಗಿನ ನಾಲ್ಕಕ್ಕೆ ದೆಹಲಿ ಬಿಟ್ಟು, ಮುರ್ಥಲ್‌ನಲ್ಲಿ ಪರಾಠ ತಿಂದು, ಮೊದಲ ರಾತ್ರಿ ಶಿಮ್ಲಾ (2,200 ಮೀಟರ್). ಎರಡನೆಯದು ಭೀಮಾಕಾಳಿ ದೇವಸ್ಥಾನದ ಸರಾಹನ್, ಹೆಚ್ಚುಕಡಿಮೆ ಅದೇ ಎತ್ತರ. ಆಮೇಲೆ ಕಲ್ಪಾದಲ್ಲಿ (2,960) ಎರಡು ರಾತ್ರಿ, ಎದುರಿಗೇ ಕಿನ್ನರ ಕೈಲಾಸ. ಅಲ್ಲಿಂದ ಕ್ರಿ.ಶ. 996ರಲ್ಲಿ ಕಟ್ಟಿದ ಬೌದ್ಧ ವಿಹಾರವಿರುವ ತಾಬೋ (3,280). ಕೊನೆಗೆ ಕಾಜಾ. ತಾಬೋದಿಂದ ಕಾಜಾ ಐವತ್ತು ಕಿಲೋಮೀಟರ್ ಕೂಡ ಇಲ್ಲ. "ಅಷ್ಟು ಹತ್ತಿರ ಇದ್ದರೂ ಮಧ್ಯೆ ಯಾಕೆ ನಿಲ್ಲಬೇಕು?" ಎಂದು ಅತ್ತಿಗೆ ಕೇಳಿದ್ದರು. ಉತ್ತರ ಎತ್ತರದ ಲೆಕ್ಕದಲ್ಲಿತ್ತು.

ಎರಡನೆಯದು, ಕಾಲ. ಜುಲೈ, ಆಗಸ್ಟ್‌ನಲ್ಲಿ ಈ ದಾರಿ ಬೇಡ. 2021ರ ಆಗಸ್ಟ್‌ನಲ್ಲಿ ಕಿನ್ನೌರ್‌ನ ನಿಗುಲ್ಸರಿಯಲ್ಲಿ ಗುಡ್ಡ ಕುಸಿದು ಬಸ್ಸು, ವಾಹನಗಳು ಅದರಡಿ ಸಿಕ್ಕಿದವು. 2023ರ ಜುಲೈ ಮಳೆಯಲ್ಲಿ ಚಂದ್ರತಾಲ್ ಸರೋವರದ ಬಳಿ ಸಿಕ್ಕಿಹಾಕಿಕೊಂಡ ನೂರಾರು ಪ್ರವಾಸಿಗರನ್ನು ಹಿಮ ಸರಿಸಿ ಹೊರತರಬೇಕಾಯಿತು. 2024ರಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಬಿದ್ದದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇ ಕೊನೆಯಿಂದ ಜೂನ್ ಮಧ್ಯದವರೆಗೆ, ಇಲ್ಲವೇ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮೊದಲ ವಾರಗಳವರೆಗೆ ಹೋಗುವುದು ಒಳ್ಳೆಯದು. ಆಗಲೂ ಹೊರಡುವ ದಿನ ಬೆಳಿಗ್ಗೆ ರಸ್ತೆ ತೆರೆದಿದೆಯೇ ಎಂದು ಉಳಿದುಕೊಂಡ ಮನೆಯವರನ್ನು, ಸ್ಥಳೀಯ ಪೊಲೀಸರನ್ನು ಕೇಳಿ. ಮೊಬೈಲ್ ನಕ್ಷೆ ತೋರಿಸುವ ಸಮಯಕ್ಕೆ ಅರ್ಧದಷ್ಟು ಸೇರಿಸಿ, ಕತ್ತಲಾಗುವ ಮುಂಚೆ ಊರು ಸೇರಿ.

ಮೂರನೆಯದನ್ನು ಯಾವ ಪ್ರವಾಸ ಪುಸ್ತಕವೂ ಬಿಡಿಸಿ ಬರೆಯುವುದಿಲ್ಲ. ನಾವು ಹೆಂಗಸರು ದೂರದ ಪ್ರಯಾಣದಲ್ಲಿ ನೀರು ಕುಡಿಯುವುದಿಲ್ಲ. ಯಾಕೆ ಅಂತ ಇಲ್ಲಿ ಕೂತಿರುವ ಎಲ್ಲರಿಗೂ ಗೊತ್ತು. ದಾರಿಯಲ್ಲಿ ಶೌಚಾಲಯ ಇರುವುದಿಲ್ಲ, ಇದ್ದರೂ ಬಾಗಿಲಿಗೆ ಚಿಲಕ ಇರುವುದಿಲ್ಲ. ಬೆಂಗಳೂರಿನಿಂದ ಊರಿಗೆ ಬಸ್ಸಿನಲ್ಲಿ ಹೋಗುವಾಗ ಹೇಗೋ ನಡೆಯುತ್ತದೆ. ಆದರೆ 3,500 ಮೀಟರ್ ಎತ್ತರದ ಒಣಗಾಳಿಯಲ್ಲಿ ನೀರು ಕುಡಿಯದಿದ್ದರೆ ತಲೆನೋವು ಬರುತ್ತದೆ. ಅದು ನೀರಿಲ್ಲದ್ದಕ್ಕೋ, ಎತ್ತರಕ್ಕೋ ಗೊತ್ತಾಗುವುದಿಲ್ಲ. ಆ ಗೊಂದಲವೇ ಅಪಾಯ.

ಆದ್ದರಿಂದ ಪೆಟ್ರೋಲ್ ಬಂಕ್ ಎಲ್ಲೆಲ್ಲಿ ಎಂದು ಗುರುತಿಸುವ ಹಾಗೆಯೇ ಶೌಚಕ್ಕೆ ನಿಲ್ಲುವ ಜಾಗವನ್ನೂ ಮೊದಲೇ ಗುರುತಿಸಿ. ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಲೇಬೇಕು, ಯಾರೂ ಕೇಳಿಕೊಳ್ಳುವಂತಿರಬಾರದು. ನಮ್ಮ ಡಿಕ್ಕಿಯಲ್ಲಿ ಒಂದು ಹಳೇ ಹತ್ತಿ ಸೀರೆ, ಎರಡು ದೊಡ್ಡ ಛತ್ರಿ ಇದ್ದವು. ಕಾರಿನ ಎರಡು ಬಾಗಿಲು ತೆರೆದು ಸೀರೆ ಕಟ್ಟಿದರೆ ಮರೆ ಆಯಿತು. ಸ್ಯಾನಿಟರಿ ಪ್ಯಾಡ್ ಬೇಕಾದಷ್ಟು ಒಯ್ಯಿರಿ, ಬಳಸಿದ್ದನ್ನು ಕವರಿನಲ್ಲಿ ಕಟ್ಟಿ ವಾಪಸ್ ತನ್ನಿ. ಅಲ್ಲಿನ ಚಳಿಗೆ ಕಸ ಬೇಗ ಕೊಳೆಯುವುದಿಲ್ಲ.

ನಾಲ್ಕನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ನಮ್ಮ ಮನೆಗಳಲ್ಲಿ ಅಮ್ಮಂದಿರು ನೋವು ಹೇಳುವುದಿಲ್ಲ. "ನನ್ನಿಂದ ಎಲ್ಲರ ಸಂತೋಷ ಹಾಳಾಗಬಾರದು" ಎಂದು ನುಂಗಿಕೊಳ್ಳುತ್ತಾರೆ. ಬೆಟ್ಟದ ಮೇಲೆ ಈ ಒಳ್ಳೆಯತನ ಪ್ರಾಣಕ್ಕೆ ಬರಬಹುದು. ಆಫೀಸಿನಲ್ಲಿ ನಾವು ದಿನಾ ಬೆಳಿಗ್ಗೆ ಹತ್ತು ನಿಮಿಷ ನಿಂತು ಕೆಲಸ ಎಲ್ಲಿಗೆ ಬಂತು ಎಂದು ಒಬ್ಬೊಬ್ಬರಾಗಿ ಹೇಳುತ್ತೇವೆ. ಅದನ್ನೇ ಪ್ರವಾಸಕ್ಕೆ ತಂದೆ. ಬೆಳಗಿನ ಕಾಫಿ ಹೊತ್ತಿಗೆ, ರಾತ್ರಿ ಊಟದ ಹೊತ್ತಿಗೆ ಪ್ರತಿಯೊಬ್ಬರೂ ಸೊನ್ನೆಯಿಂದ ಹತ್ತರೊಳಗೆ ಒಂದು ಸಂಖ್ಯೆ ಹೇಳಬೇಕು: ತಲೆನೋವು ಎಷ್ಟು? ವಾಕರಿಕೆ ಎಷ್ಟು? "ಏನಿಲ್ಲ" ಎನ್ನುವುದು ಉತ್ತರವಲ್ಲ.

ತಾಬೋದಲ್ಲಿ ಮೊದಲ ಬೆಳಿಗ್ಗೆ ಅತ್ತಿಗೆ ಒಂದು ಅಂದರು, ನಾನು ಎರಡು ಅಂದೆ. ಅಮ್ಮ "ಏನಿಲ್ಲ ಕಣೇ, ನಿದ್ದೆ ಸರಿ ಬಂದಿಲ್ಲ ಅಷ್ಟೆ" ಅಂದರು. "ಅಮ್ಮಾ, ಸಂಖ್ಯೆ ಹೇಳು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾಲ್ಕು ಇರಬಹುದು" ಅಂದರು. ಅಲ್ಲಿಗೆ ಆ ದಿನದ ತೀರ್ಮಾನ ಆಯಿತು. ತಲೆನೋವು ಇರುವಾಗ ಮೇಲೆ ಏರಬಾರದು. ಹೆಚ್ಚಾದರೆ ಕೂಡಲೇ ಕೆಳಗೆ ಇಳಿಯಬೇಕು. ಎರಡು ದಿನ ಹೆಚ್ಚುವರಿಯಾಗಿ ಇಟ್ಟುಕೊಂಡಿದ್ದೆವು, ಒಂದು ಅಲ್ಲಿ ಖರ್ಚಾಯಿತು. ಅಮ್ಮ ಬಿಸಿಲಿನಲ್ಲಿ ಕೂತು ವಿಹಾರದ ಮಣ್ಣಿನ ಗೋಡೆ ನೋಡುತ್ತ, ಸೇಬಿನ ತೋಟದವರ ಜೊತೆ ಕೈಸನ್ನೆಯಲ್ಲೇ ಮಾತಾಡುತ್ತ ದಿನ ಕಳೆದರು. ರಾತ್ರಿ ಸಂಖ್ಯೆ ಒಂದಕ್ಕೆ ಇಳಿಯಿತು. ಮಾರನೆಯ ದಿನ ಕಾಜಾ ತಲುಪಿದೆವು. ಕುಂಜುಮ್, ಚಂದ್ರತಾಲ್ ಬಿಟ್ಟು, ಬಂದ ದಾರಿಯಲ್ಲೇ ಹಿಂದಿರುಗಿದೆವು. ಆ ಬಗ್ಗೆ ಮೂವರಿಗೂ ಬೇಸರವಿರಲಿಲ್ಲ.

ಇನ್ನು ಕೆಲವು ಮಾತು ಬೇಗ ಹೇಳಿ ಮುಗಿಸುತ್ತೇನೆ. ರಕ್ತದೊತ್ತಡ, ಸಕ್ಕರೆ, ಆಸ್ತಮಾ ಇರುವವರು ವೈದ್ಯರನ್ನು ಕಂಡೇ ಹೊರಡಿ. ಎತ್ತರದ ಮಾತ್ರೆಯನ್ನು ಅವರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಿ. ರೆಕಾಂಗ್ ಪಿಯೋ ಹತ್ತಿರ ಪೆಟ್ರೋಲ್ ಟ್ಯಾಂಕ್ ತುಂಬಿಸಿ, ಮುಂದಿನ ಭರವಸೆ ಕಾಜಾದಲ್ಲೇ. ಇಳಿಜಾರಿನಲ್ಲಿ ಬ್ರೇಕ್ ಮೇಲೇ ಕಾಲಿಡದೆ, ಹತ್ತಲು ಬಳಸುವ ಗೇರಿನಲ್ಲೇ ಇಳಿಯಿರಿ. ಮೇಲೆ ಹತ್ತುವ ಗಾಡಿಗೆ ಮೊದಲು ದಾರಿ ಬಿಡಿ. ಅಮೆರಿಕದಿಂದ ಬಂದ ನೆಂಟರ ಬಳಿ ವಿದೇಶಿ ಪಾಸ್‌ಪೋರ್ಟ್ ಇದ್ದರೆ ಕಿನ್ನೌರ್ ಗಡಿ ಭಾಗಕ್ಕೆ ಅವರಿಗೆ ಪರವಾನಗಿ ಬೇಕು. ನಗದು ಹಣ ಇರಲಿ. ಚಟ್ನಿಪುಡಿ, ಹುರಿದ ಅವಲಕ್ಕಿ ಖಂಡಿತ ಇರಲಿ.

ನಮ್ಮ ವೇದಿಕೆಯಿಂದ ಮುಂದಿನ ವರ್ಷ ಎಲ್ಲರೂ ಒಟ್ಟಿಗೆ ಹೋಗೋಣ ಎಂಬ ಮಾತು ನಡೆದಿದೆ. ನನ್ನದು ಒಂದೇ ಕೋರಿಕೆ. ಗಾಡಿ ಓಡಿಸುವವರ ಉತ್ಸಾಹ ನೋಡಿ ದಿನ ಲೆಕ್ಕ ಹಾಕುವುದು ಬೇಡ. ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತವರನ್ನು ನೋಡಿ ಹಾಕೋಣ. "ಸಾಕು, ತಿರುಗಿಸಿ" ಎಂದು ಯಾರೇ ಹೇಳಿದರೂ, ಕಾರಣ ಕೇಳದೆ ಗಾಡಿ ತಿರುಗಬೇಕು. ಇದಕ್ಕೆ ಒಪ್ಪುವವರೆಲ್ಲ ಕಾರ್ಯಕ್ರಮದ ನಂತರ ನನ್ನ ಬಳಿ ಹೆಸರು ಬರೆಸಿ.