ಒಂದು ಓಟದ ಚಿತ್ರ, ಎಲ್ಲ ಓಟಗಳ ಪ್ರಶ್ನೆ



ಈ ಸಂಕಿರಣದ ಆಹ್ವಾನ ಪತ್ರಿಕೆ ನೋಡಿದೆ, ಪ್ರಾತ್ಯಕ್ಷಿಕೆಗಳೇ ಹೆಚ್ಚಿವೆ. ಅದು ಸಂತೋಷದ ಸಂಗತಿ. ಹಾಗಾಗಿಯೇ ನನ್ನ ಬಹುಕಾಲದ ಅನ್ನಿಸಿಕೆಯೊಂದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕ್ಷೇತ್ರ ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ಪ್ರೋಗ್ರಾಮಿನ ಓಟವನ್ನು ಚಿತ್ರಿಸುತ್ತ ಬಂದಿದೆ. ಪ್ರೋಗ್ರಾಮು ಏನನ್ನು ಸಾಧಿಸುತ್ತೇನೆ ಎಂದು ಮಾತು ಕೊಡುತ್ತದೋ ಅದನ್ನು ಚಿತ್ರಿಸುವ ಕೆಲಸಕ್ಕೆ ನಾವು ಗಂಭೀರವಾಗಿ ಕೈ ಹಾಕಲೇ ಇಲ್ಲ.

ಚರಿತ್ರೆಯನ್ನು ಬೇಗ ದಾಟಿಬಿಡುತ್ತೇನೆ. 1981ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ರೊನಾಲ್ಡ್ ಬೇಕರ್ ಅರ್ಧ ಗಂಟೆಯ ಚಿತ್ರವೊಂದರಲ್ಲಿ ಒಂಬತ್ತು ಸಾರ್ಟಿಂಗ್ ವಿಧಾನಗಳನ್ನು ಪರದೆಯ ಮೇಲೆ ಓಡಿಸಿ ತೋರಿಸಿದರು. ಆಮೇಲೆ ಮಾರ್ಕ್ ಬ್ರೌನ್ ಮತ್ತು ರಾಬರ್ಟ್ ಸೆಜ್‌ವಿಕ್ ಅವರ ಬಾಲ್ಸಾ ಬಂತು, ಜಾನ್ ಸ್ಟಾಸ್ಕೊ ಅವರ ಟ್ಯಾಂಗೊ ಬಂತು, ನಮ್ಮ ಕಾಲಕ್ಕೆ ಪೈಥಾನ್ ಟ್ಯೂಟರ್, ವಿಶುಅಲ್ಗೊ ಬಂದವು. ಇದೆಲ್ಲವನ್ನೂ ವಿವರವಾಗಿ ಹೇಳಬಲ್ಲವರು ನಾಳೆ ಬೆಳಗಿನ ಗೋಷ್ಠಿಯಲ್ಲಿ ಮಾತನಾಡಲಿದ್ದಾರೆ, ಅವರಿಗೇ ಬಿಡುತ್ತೇನೆ. ಹಂಡ್‌ಹೌಸೆನ್, ಡಗ್ಲಸ್, ಸ್ಟಾಸ್ಕೊ 2002ರಲ್ಲಿ 24 ಪ್ರಯೋಗಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿದ್ದನ್ನು ಮಾತ್ರ ನೆನಪಿಸುತ್ತೇನೆ. ಪರದೆ ಏನು ತೋರಿಸಿತು ಎನ್ನುವುದಕ್ಕಿಂತ ವಿದ್ಯಾರ್ಥಿ ಅದರ ಮುಂದೆ ಕುಳಿತು ಏನು ಮಾಡಿದ ಎನ್ನುವುದೇ ಹೆಚ್ಚು ಮುಖ್ಯ ಎಂದು ಅವರಿಗೆ ಕಂಡಿತು. ಮೂರನೇ ಸಾಲಿನಲ್ಲಿ ಕುಳಿತಿರುವ ನಮ್ಮ ಗೆಳತಿ ತಮ್ಮ ಪಿಎಚ್‌ಡಿ ಕೆಲಸದಲ್ಲಿ ಇದನ್ನೇ ನಮ್ಮ ಲ್ಯಾಬುಗಳಲ್ಲಿ ನೋಡಿದ್ದಾರೆ. ಸುಮ್ಮನೆ ಕುಳಿತು ಅನಿಮೇಷನ್ ನೋಡಿದರೆ ಹೆಚ್ಚೇನೂ ದಕ್ಕುವುದಿಲ್ಲ. ಈ ಮಾತು ಇಲ್ಲಿ ಯಾರಿಗೂ ಹೊಸದಲ್ಲ.

ಯಾಕೆ ದಕ್ಕುವುದಿಲ್ಲ ಎಂದು ಮಾತ್ರ ನಾವು ಸಾಕಷ್ಟು ಕೇಳಿಕೊಂಡಿಲ್ಲ.

1988ರಲ್ಲಿ ಡೈಕ್‌ಸ್ಟ್ರಾ ಕಂಪ್ಯೂಟರ್ ವಿಜ್ಞಾನದ ಬೋಧನೆಯ ಬಗ್ಗೆ ಒಂದು ಕಟುವಾದ ಪ್ರಬಂಧ ಬರೆದರು. ಅದರಲ್ಲಿ ಅವರು ಆರಂಭಿಕ ಪ್ರೋಗ್ರಾಮಿಂಗ್ ಕಲಿಸುವ ಸಾಫ್ಟ್‌ವೇರ್ ಒಂದರ ಪ್ರಾತ್ಯಕ್ಷಿಕೆ ನೋಡಿದ ಸಂಗತಿ ಬರುತ್ತದೆ. ಆ ಸಾಫ್ಟ್‌ವೇರು ವಿದ್ಯಾರ್ಥಿಯ ಪ್ರೋಗ್ರಾಮು ಹೆಜ್ಜೆ ಹೆಜ್ಜೆಗೆ ನಡೆಸುವ ಲೆಕ್ಕಾಚಾರವನ್ನು ಚಿತ್ರವಾಗಿ ತೋರಿಸುತ್ತಿತ್ತು. ವಿದ್ಯಾರ್ಥಿ ಯಾವುದನ್ನು ಕಡೆಗಣಿಸಲು ಕಲಿಯಬೇಕೋ ಅದನ್ನೇ ಇದು ಎತ್ತಿ ತೋರಿಸುತ್ತಿದೆ ಎಂಬುದು ಅವರ ಆಕ್ಷೇಪ. ನಮ್ಮ ಕ್ಷೇತ್ರ ಅದನ್ನು ಸಿಡುಕು ಸ್ವಭಾವದ ಹಿರಿಯರೊಬ್ಬರ ಗೊಣಗಾಟ ಎಂದುಕೊಂಡು ಮುಂದೆ ಹೋಯಿತು. ನಾನು ಡೈಕ್‌ಸ್ಟ್ರಾ ಅವರ ಪರಿಹಾರವನ್ನು ಒಪ್ಪುವವನಲ್ಲ. ಮೊದಲ ಸೆಮಿಸ್ಟರಿನ ಮಕ್ಕಳನ್ನು ಕಂಪ್ಯೂಟರಿನಿಂದ ದೂರವಿಟ್ಟು ಬರೀ ಪ್ರಮೇಯ ಬರೆಸುವುದರಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಅವರ ಆಕ್ಷೇಪಕ್ಕೆ ಈವರೆಗೆ ಯಾರೂ ನೆಟ್ಟಗೆ ಉತ್ತರ ಕೊಟ್ಟಿಲ್ಲ. ಅನಿಮೇಷನ್ ತೋರಿಸುವುದು ಒಂದು ಇನ್‌ಪುಟ್ಟಿನ ಮೇಲಿನ ಒಂದು ಓಟ. ಪ್ರೋಗ್ರಾಮಾದರೋ ಎಲ್ಲ ಇನ್‌ಪುಟ್ಟುಗಳಿಗೂ ಸೇರಿ ಬರೆದದ್ದು. 'ಇದೊಂದು ಸಲ ಹೀಗಾಯಿತು' ಎಂದು ಚಿತ್ರ ಹೇಳಬಲ್ಲದು. 'ಯಾವಾಗಲೂ ಹೀಗೇ ಆಗುತ್ತದೆ' ಎಂದು ಚಿತ್ರ ಹೇಗೆ ಹೇಳೀತು?

ನನ್ನ ತಲೆ ತಿನ್ನುವ ಪ್ರಶ್ನೆ ಇದೊಂದೇ. ಇನ್ನರ್ಧ ಭಾಷಣ ಇದಕ್ಕೇ ಮೀಸಲು, ಅಧ್ಯಕ್ಷರು ದಯವಿಟ್ಟು ಕ್ಷಮಿಸಬೇಕು.

ಬೈನರಿ ಸರ್ಚ್ ತೆಗೆದುಕೊಳ್ಳಿ. ನಾವೆಲ್ಲ ಪಾಠ ಮಾಡಿದ್ದೇ. ಎಡತುದಿಯ ಮತ್ತು ಬಲತುದಿಯ ಸೂಚ್ಯಂಕಗಳನ್ನು ಕೂಡಿಸು, ಎರಡರಿಂದ ಭಾಗಿಸು, ನಡುವಿನ ಮನೆ ಸಿಕ್ಕಿತು. ಜಾನ್ ಬೆಂಟ್ಲಿ ತಮ್ಮ 'ಪ್ರೋಗ್ರಾಮಿಂಗ್ ಪರ್ಲ್ಸ್' ಪುಸ್ತಕದಲ್ಲಿ ಇದು ಸರಿಯೆಂದು ಸಾಧಿಸಿಯೂ ತೋರಿಸಿದ್ದರು. ಅದೇ ಸೂತ್ರ ಜಾವಾ ಲೈಬ್ರರಿಯಲ್ಲಿ ಸುಮಾರು ಒಂಬತ್ತು ವರ್ಷ ಇತ್ತು. 2006ರಲ್ಲಿ ಜೋಶುವಾ ಬ್ಲಾಕ್ ಅದರಲ್ಲಿ ತಪ್ಪಿದೆ ಎಂದು ಎಲ್ಲರಿಗೂ ತಿಳಿಸಿದರು. 32 ಬಿಟ್ಟಿನ ಪೂರ್ಣಾಂಕ 214 ಕೋಟಿ ಚಿಲ್ಲರೆಗೆ ಮುಗಿಯುತ್ತದೆ. ಎರಡು ಸೂಚ್ಯಂಕಗಳ ಮೊತ್ತ ಅದನ್ನು ಮೀರಿದರೆ ಸಂಖ್ಯೆ ಋಣವಾಗಿ ಹೊರಳುತ್ತದೆ, ಅರೇಯ ಹೊರಗೆ ಕೈ ಚಾಚಿ ಪ್ರೋಗ್ರಾಮು ಬೀಳುತ್ತದೆ. ಅರೇಯಲ್ಲಿ ಸುಮಾರು 107 ಕೋಟಿ ಮನೆಗಳು ಆಗುವ ತನಕ ಈ ತಪ್ಪು ತಲೆ ಎತ್ತುವುದೇ ಇಲ್ಲ. ನಮ್ಮ ಅನಿಮೇಷನ್ನುಗಳಲ್ಲಿ ಇರುವುದು ಹತ್ತು ಹದಿನೈದು ಮನೆ. ಎಷ್ಟು ಸಾವಿರ ಸಲ ಓಡಿಸಿದರೂ, ಬಣ್ಣ ಎಷ್ಟು ಚೆನ್ನಾಗಿದ್ದರೂ, ಆ ಚಿತ್ರದೊಳಗೆ ಈ ತಪ್ಪಿಗೆ ಜಾಗವೇ ಇಲ್ಲ.

ಇಲ್ಲಿಗೆ ಡೈಕ್‌ಸ್ಟ್ರಾ ಗೆದ್ದರು ಎಂದುಕೊಳ್ಳಬೇಡಿ. ಬೆಂಟ್ಲಿಯವರ ಆ ಸಾಧನೆಯೂ ಈ ತಪ್ಪನ್ನು ಹಿಡಿಯಲಿಲ್ಲ, ಏಕೆಂದರೆ ಅದು ಗಣಿತದ ಪೂರ್ಣಾಂಕಗಳನ್ನು, ಕೊನೆಯಿಲ್ಲದ ಸರಳರೇಖೆಯನ್ನು, ನಂಬಿಕೊಂಡಿತ್ತು. ಯಂತ್ರದ ಪೂರ್ಣಾಂಕಗಳು ರೇಖೆಯಲ್ಲ, ವೃತ್ತ. ಬೋರ್ಡಿನ ಮೇಲೆ ಒಂದು ವೃತ್ತ ಬರೆದು, ಅದರ ತಳದಲ್ಲಿ ಅತಿ ದೊಡ್ಡ ಧನಸಂಖ್ಯೆಯನ್ನೂ ಅತಿ ದೊಡ್ಡ ಋಣಸಂಖ್ಯೆಯನ್ನೂ ಅಕ್ಕಪಕ್ಕ ಕೂರಿಸಿದರೆ ತಪ್ಪು ಒಂದೇ ನೋಟಕ್ಕೆ ಕಣ್ಣಿಗೆ ಹೊಡೆಯುತ್ತದೆ. ಅಂದರೆ ಇಲ್ಲಿ ಕೆಲಸಕ್ಕೆ ಬರುತ್ತಿದ್ದದ್ದು ಚಿತ್ರವೇ. ಅದು ಓಟದ ಚಿತ್ರವಲ್ಲ ಅಷ್ಟೆ.

ಅಂಥ ಇನ್ನೊಂದು ಚಿತ್ರ ಕಂಡ ಒಂದು ಲ್ಯಾಬ್ ಪರೀಕ್ಷೆಯ ನೆನಪು ಬರುತ್ತಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದಿದ್ದ ಹುಡುಗಿ. ವೈವಾದಲ್ಲಿ ಲಿಂಕ್ಡ್ ಲಿಸ್ಟನ್ನು ತಿರುಗುಮುರುಗು ಮಾಡು ಎಂದೆ. ಇಂಗ್ಲಿಷಿನಲ್ಲಿ ತಡವರಿಸಿದಳು. ಕನ್ನಡದಲ್ಲೇ ಹೇಳಮ್ಮ ಎಂದ ಮೇಲೆ ರೆಕಾರ್ಡ್ ಪುಸ್ತಕದ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಿಂದ ನಾಲ್ಕು ಚೌಕ ಬರೆದಳು, ಎ, ಬಿ, ಸಿ, ಡಿ. ಎಯಿಂದ ಬಿಗೆ ಇದ್ದ ಬಾಣವನ್ನು ರಬ್ಬರಿನಲ್ಲಿ ಅಳಿಸಿ ನಲ್ ಕಡೆಗೆ ತಿರುಗಿಸಿದಳು. ಮುಂದೆ ಬಿಗೆ ಕೈ ಹಾಕುವಷ್ಟರಲ್ಲಿ ನಾನು ಕೇಳಿದೆ, "ಬಿ ಎಲ್ಲಿದೆ ಅಂತ ನಿನಗೆ ಕಾಣ್ತಿದೆ. ಪ್ರೋಗ್ರಾಮಿಗೆ ಹೇಗೆ ಗೊತ್ತಾಗ್ಬೇಕು?" ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಂಗೈಯನ್ನು ಹಾಳೆಯ ಮೇಲಿಟ್ಟು ಬಿ, ಸಿ, ಡಿ ಮೂರನ್ನೂ ಮುಚ್ಚಿದಳು. "ಇದಿಷ್ಟೂ ಹೋಯ್ತು ಸಾರ್. ಇನ್ನೂ ಎಷ್ಟಿದ್ರೂ ಅಷ್ಟೂ ಹೋಗುತ್ತೆ" ಎಂದಳು. ಆಮೇಲೆ ತಾನೇ ಇನ್ನೊಂದು ಪಾಯಿಂಟರ್ ಬರೆದು, ಬಾಣ ಅಳಿಸುವ ಮೊದಲೇ ಬಿಯನ್ನು ಅದಕ್ಕೆ ಕಟ್ಟಿದಳು.

ಅವಳ ಅಂಗೈ ಮಾಡಿದ ಕೆಲಸವನ್ನು ನಮ್ಮ ಟೂಲುಗಳ ಪಕ್ಕದಲ್ಲಿಟ್ಟು ನೋಡಿ. ಸಾಮಾನ್ಯ ಅನಿಮೇಷನ್ನಿನಲ್ಲಿ ಬಾಣ ನಯವಾಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುತ್ತದೆ. ಚೌಕಗಳೆಲ್ಲ ಪರದೆಯ ಮೇಲೆ ಹಾಗೇ ಉಳಿದಿರುತ್ತವೆ. ಪ್ರೋಗ್ರಾಮಿಗೆ ಕಾಣದಿರುವುದು ನೋಡುವವನಿಗೆ ಕಾಣುತ್ತಲೇ ಇರುತ್ತದೆ. ಅವಳು ಆ ಕಾಣದಿರುವುದನ್ನೇ ತೋರಿಸಿದಳು. ಕೈಯಡಿಯಲ್ಲಿ ಮೂರು ಚೌಕವಿದೆಯೋ ಮೂರು ಲಕ್ಷವಿದೆಯೋ ಎನ್ನುವುದು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. 'ಎಷ್ಟಿದ್ದರೂ' ಎಂಬುದರ ಚಿತ್ರ ಅದು.

ಸಂಶೋಧನೆಯ ಕಡೆಯಿಂದ ಬಂದವರು ತಮ್ಮ ಬಗ್ಗೆ ಏನೂ ಹೇಳಲಿಲ್ಲವಲ್ಲ ಎಂದುಕೊಳ್ಳಬಾರದು. ಬೆಲ್ ಲ್ಯಾಬ್ಸಿನ ಸೀಸಾಫ್ಟ್ 1992ರಲ್ಲೇ ಕೋಡಿನ ಪ್ರತಿಯೊಂದು ಸಾಲಿಗೂ ಒಂದು ಬಣ್ಣದ ಗೀಟು ಎಳೆದು 50,000 ಸಾಲುಗಳನ್ನು ಒಂದೇ ಪರದೆಗೆ ತಂದಿತು. ಲುಗಾನೊದ ಕೋಡ್‌ಸಿಟಿ ಕ್ಲಾಸುಗಳನ್ನು ಕಟ್ಟಡಗಳಾಗಿಸಿ ಊರನ್ನೇ ಕಟ್ಟಿತು, ಪ್ರಯೋಗ ಮಾಡಿ ಫಲವನ್ನೂ ತೋರಿಸಿತು. ಇವು ಓಟವನ್ನು ಬಿಟ್ಟು ಇಡೀ ಪ್ರೋಗ್ರಾಮನ್ನು ಹಿಡಿದವು, ನನಗೆ ಅದಕ್ಕಾಗಿ ಗೌರವವಿದೆ. ಆದರೆ ಇವು ತೋರಿಸುವುದು ಗಾತ್ರ, ವಯಸ್ಸು, ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಎನ್ನುವುದು. ಕೋಡು ಕೊಟ್ಟ ಮಾತು ಅಲ್ಲೂ ಇಲ್ಲ. ಸಾಫ್ಟ್‌ವೇರಿಗೆ ಸಹಜವಾದ ಆಕಾರವೇ ಇಲ್ಲ ಎಂದು 1986ರಲ್ಲಿ ಫ್ರೆಡ್ ಬ್ರೂಕ್ಸ್ ಹೇಳಿದ್ದರಲ್ಲ, ಆ ಮಾತು ಇನ್ನೂ ಹಾಗೇ ನಿಂತಿದೆ.

ಹಾಗೆಂದು ಇನ್ವೇರಿಯಂಟನ್ನು, ಅಂದರೆ ಓಟ ಯಾವುದೇ ಇರಲಿ ಬದಲಾಗದೆ ನಿಲ್ಲುವ ಮಾತನ್ನು, ಚಿತ್ರವಾಗಿ ಬರೆಯುವ ಪದ್ಧತಿ ಇಲ್ಲದಿಲ್ಲ. ಡೇವಿಡ್ ಗ್ರೀಸ್ ಅವರ 1981ರ ಪುಸ್ತಕದಲ್ಲಿ ಅರೇಯನ್ನು ಮನೆಗಳಿಲ್ಲದ ಉದ್ದನೆಯ ಪಟ್ಟಿಯಾಗಿ ಬರೆದು, ಇಷ್ಟು ಭಾಗ ಗೊತ್ತು, ಇಷ್ಟು ಗೊತ್ತಿಲ್ಲ ಎಂದು ಗೆರೆ ಎಳೆಯುತ್ತಾರೆ. ಡಚ್ ಧ್ವಜದ ಹೆಸರಿನಲ್ಲಿ ಡೈಕ್‌ಸ್ಟ್ರಾ ಕೊಟ್ಟ ಸಮಸ್ಯೆಯನ್ನು ಹೀಗೆ ನಾಲ್ಕು ಭಾಗಗಳ ಪಟ್ಟಿಯಲ್ಲೇ ಬಿಡಿಸಬಹುದು. ಕೆಂಪು, ಬಿಳಿ, ಇನ್ನೂ ನೋಡದ್ದು, ನೀಲಿ. ಅಂಕೆಯಿಲ್ಲ, ಅಳತೆಯಿಲ್ಲ, ಆದ್ದರಿಂದ ಎಲ್ಲ ಅಳತೆಗೂ ಸಲ್ಲುತ್ತದೆ. ಆದರೆ ಈ ಚಿತ್ರವನ್ನು ನಾನೇ ಬರೆದು ಕೊಟ್ಟರೆ ವಿದ್ಯಾರ್ಥಿಗೆ ಅದು ನಿರ್ಜೀವ ಪಟ್ಟಿ. ತಾನೇ ಬರೆಯಬೇಕಾದರೆ ಅರ್ಧ ಅರ್ಥವಾಗಿರಬೇಕು. ಹಾಗಾದರೆ ಟೂಲಿನ ಪಾಲು ಏನು? ಹತ್ತು ಓಟಗಳನ್ನು ತೋರಿಸಿ, ಇವೆಲ್ಲದರಲ್ಲೂ ಬದಲಾಗದೆ ಉಳಿದ ಗೆರೆ ಯಾವುದೆಂದು ವಿದ್ಯಾರ್ಥಿಯಿಂದಲೇ ಎಳೆಸಬಹುದೆ? ಎಳೆದ ಗೆರೆ ತಪ್ಪಿದ್ದರೆ ಅದನ್ನು ಮುರಿಯುವ ಹನ್ನೊಂದನೇ ಓಟವನ್ನು ಟೂಲೇ ಹುಡುಕಿ ತರಬಹುದೆ? ತಪ್ಪನ್ನು ಮುರಿಯುವ ಇನ್‌ಪುಟ್ ಹುಡುಕುವ ವಿದ್ಯೆ ನಮ್ಮ ವೆರಿಫಿಕೇಷನ್ ಗೆಳೆಯರಲ್ಲಿ ಧಾರಾಳವಾಗಿದೆ. ಅವರ ಸಮ್ಮೇಳನಗಳು ಬೇರೆ, ನಮ್ಮವು ಬೇರೆ. ಇವತ್ತು ಹಿಂದಿನ ಸಾಲಿನಲ್ಲಿ ಅವರಲ್ಲಿ ಕೆಲವರು ಕುಳಿತಿರುವುದು ಕಂಡು ನನಗೆ ತುಂಬ ಹಿತವಾಯಿತು. ವೃತ್ತದ ಹಾಗೆ ಯಾರೂ ಕೇಳದೆಯೇ ಹೊಳೆಯಬೇಕಾದ ಚಿತ್ರವನ್ನು ಯಾವ ಟೂಲು ಸೂಚಿಸೀತು ಎನ್ನುವುದಕ್ಕೆ ಮಾತ್ರ ನನ್ನಲ್ಲಿ ಊಹೆಯೂ ಇಲ್ಲ.

ಮಧ್ಯಾಹ್ನ ಟೂಲುಗಳನ್ನು ತೋರಿಸುವ ಎಲ್ಲರಲ್ಲೂ ನನ್ನದೊಂದು ಕೋರಿಕೆ. ನೀವು ಸಿದ್ಧಪಡಿಸಿಕೊಂಡು ಬಂದ ಉದಾಹರಣೆ ತೋರಿಸಿದ ಮೇಲೆ, ಹಳೆಯ ಜಾವಾ ಬೈನರಿ ಸರ್ಚನ್ನು ಅದೇ ಟೂಲಿಗೆ ಕೊಟ್ಟು ನಮ್ಮೆದುರು ಓಡಿಸಿ. ಅದರ ತಪ್ಪು ಕಾಣಬೇಕಾದರೆ ನಿಮ್ಮ ಚಿತ್ರದಲ್ಲಿ ಏನು ಬದಲಾಗಬೇಕು ಎಂದು ಐದು ನಿಮಿಷ ಮಾತಾಡಿ. ಆ ಐದು ನಿಮಿಷಗಳನ್ನು ನನ್ನ ಸಮಯದಿಂದ ಕಳೆಯಿರಿ ಎಂದು ಸಂಘಟಕರಿಗೆ ಆಗಲೇ ಹೇಳಿದ್ದೇನೆ.