ಕಟ್ಟಿಸಿದವರು, ಕಟ್ಟಿದವರು
(ಅಮೃತಾಪುರದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ತಂದೆಯವರನ್ನು ನೆನೆಯಲು ತಾವೆಲ್ಲ ಸೇರಿದ್ದೀರಿ. ಅವರು ಗಾರೆ ಕೆಲಸದವರು. ಈ ಊರಿನ ಅಮೃತೇಶ್ವರ ದೇವಾಲಯವೇ ಅವರ ಪಾಠಶಾಲೆ.

"ಇದನ್ನು ಕಟ್ಟಿದವರಾರು?" ಎಂದು ನಮ್ಮನ್ನು ಕೇಳುತ್ತಿದ್ದರು. 1196ರಲ್ಲಿ, ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಅಮೃತೇಶ್ವರ ದಂಡನಾಯಕ ಎಂದು ನಾವು ಶಾಲೆಯ ಪಾಠ ಒಪ್ಪಿಸುತ್ತಿದ್ದೆವು. "ಅವನು ಕಟ್ಟಿಸಿದವನು. ಕಟ್ಟಿದವನ ಹೆಸರು ಹೇಳಿ" ಎನ್ನುವರು. ಆಮೇಲೆ ತಾವೇ ರೂವಾರಿ ಮಲ್ಲಿತಮ್ಮನ ವಿಷಯ ಹೇಳುವರು. ಇಲ್ಲಿ ಉಳಿ ಹಿಡಿದ ಆ ಮಲ್ಲಿತಮ್ಮನ ಹೆಸರು ಸೋಮನಾಥಪುರದ ಶಿಲ್ಪಗಳ ಕೆಳಗೆ ಇಂದಿಗೂ ಇದೆ.

ತಂದೆಯವರಿಗೆ ಅಕ್ಷರ ಬರುತ್ತಿರಲಿಲ್ಲ. ಒಮ್ಮೆ ಒಬ್ಬ ಗುತ್ತಿಗೆದಾರ ಹದಿನೈದು ದಿನದ ಕೂಲಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಹತ್ತು ದಿನದ್ದು ಮಾತ್ರ ಕೊಟ್ಟ. ಕೇಳಿದರೆ ಕಾಗದ ತೋರಿಸಿದ. ಅಂದು ಸಂಜೆಯೇ ಅವರು ನಮ್ಮ ಸ್ಲೇಟನ್ನು ಎಳೆದುಕೊಂಡು, "ನನ್ನ ಹೆಸರು ಬರೆಯಲು ಕಲಿಸಿ" ಎಂದರು. ಸುಣ್ಣ ತಿಂದ ಬೆರಳಿಗೆ ಬಳಪ ನಿಲ್ಲುತ್ತಿರಲಿಲ್ಲ. ತಿಂಗಳು ಹಿಡಿಯಿತು. ಆಮೇಲೆ ಓದಿಸಿ ಕೇಳದೆ ಯಾವ ಕಾಗದಕ್ಕೂ ಅವರು ಸಹಿ ಹಾಕಲಿಲ್ಲ. ಜೊತೆಯ ಆಳುಗಳಿಗೂ ಹೆಬ್ಬೆಟ್ಟು ಒತ್ತಗೊಡಲಿಲ್ಲ.

ಲೆಕ್ಕ ಕೇಳುವವನು ಲೆಕ್ಕ ಕೊಡಬೇಕು ಎನ್ನುವುದು ಅವರ ಇನ್ನೊಂದು ಪಾಠ. "ಅಂಗಡಿಯವನೂ ದುಡಿದು ತಿನ್ನುವವನೇ" ಎಂದು ಕಡದ ಬಾಕಿಯನ್ನು ಬಟವಾಡೆಯ ದಿನವೇ ತೀರಿಸುತ್ತಿದ್ದರು.

2019ರ ವೇತನ ಸಂಹಿತೆ, ಮಾಲಿಕರು ಸಂಬಳದ ಚೀಟಿ ಕೊಡಬೇಕೆನ್ನುತ್ತದೆ. ಕೇಳುವ ಬಾಯಿಲ್ಲದಿದ್ದರೆ ಕಾನೂನು ಪುಸ್ತಕದಲ್ಲೇ ಉಳಿಯುತ್ತದೆ. ಚೀಟಿ ಕೇಳಿ ಪಡೆಯಿರಿ, ಓದಿ ಸಹಿ ಹಾಕಿ.

ತಂದೆಯವರ ಹೆಸರಿನಲ್ಲಿ ನಾವು ಕಲ್ಲು ನೆಡುವುದಿಲ್ಲ. ನಾಳೆಯಿಂದ ಪ್ರತಿ ಸಂಜೆ ಒಂದು ತಾಸು ಇಲ್ಲಿ ಅಕ್ಷರ ಕಲಿಸುತ್ತೇವೆ. ಸ್ಲೇಟು, ಬಳಪ ನಮ್ಮದು. ತಾವು ಬನ್ನಿ, ಪಕ್ಕದ ಮನೆಯವರನ್ನೂ ಕರೆತನ್ನಿ.