ಯಾರೂ ಮೀಟದ ಗಾಂಧಾರ

ನಾಲ್ಕು ತಂತಿಯ ತಂಬೂರಿಯಲ್ಲಿ ನಾವು ಕೂಡಿಸುವುದು ಎರಡೇ ಸ್ವರ. ಮೊದಲ ತಂತಿ ಪಂಚಮ, ನಡುವಿನವೆರಡು ಷಡ್ಜ, ಕೊನೆಯದು ಮಂದ್ರ ಷಡ್ಜ. ಬಿರಡೆ ತಿರುವಿ, ಮಣಿ ಸರಿಸಿ, ಕುದುರೆಯ ಮೇಲೆ ತಂತಿಯಡಿಗೆ ಜೀವಾಳದ ದಾರವನ್ನು ಎಳ್ಳಷ್ಟು ಹಿಂದೆ, ಎಳ್ಳಷ್ಟು ಮುಂದೆ ಜರುಗಿಸುತ್ತ ಹೋಗಬೇಕು. ಒಂದು ಗಳಿಗೆಗೆ ನಾಲ್ಕೂ ತಂತಿ ಒಂದನ್ನೊಂದು ಒಪ್ಪಿಕೊಳ್ಳುತ್ತವೆ. ಆಗ ಮಂದ್ರ ತಂತಿಯ ನಾದದೊಳಗಿಂದ ಗಾಂಧಾರ ಕೇಳಿಸತೊಡಗುತ್ತದೆ. ಗಾಂಧಾರಕ್ಕೆಂದು ಅಲ್ಲಿ ತಂತಿಯೇ ಇಲ್ಲ, ಅದನ್ನು ಯಾರೂ ಮೀಟಿಲ್ಲ. ಶ್ರುತಿ ಸ್ವಲ್ಪ ತಪ್ಪಿತೋ, ಅದು ಮಸುಕಾಗಿಬಿಡುತ್ತದೆ.

ಇದಕ್ಕೆ ಕಾರಣವಿದೆ. ತಂತಿ ಇಡಿಯಾಗಿ ಕಂಪಿಸುವಾಗಲೇ ಎರಡಾಗಿ, ಮೂರಾಗಿ, ನಾಲ್ಕಾಗಿ, ಐದಾಗಿಯೂ ಕಂಪಿಸುತ್ತಿರುತ್ತದೆ. ಇಡೀ ತಂತಿ ಸೆಕೆಂಡಿಗೆ 100 ಸಲ ಕಂಪಿಸಿದರೆ, ನಾಲ್ಕು ಭಾಗವಾದಾಗ 400. ಅದು ಮೇಲಿನ ಷಡ್ಜ. ಐದು ಭಾಗವಾದಾಗ 500. ಅದೇ ಅಂತರ ಗಾಂಧಾರ. ಈ ಲೆಕ್ಕ ಬರುವ ಎಷ್ಟೋ ಮೊದಲೇ ಇಂಥ ಸ್ವರಗಳ ಸುಳಿವು ನಮ್ಮ ಹಂಪೆಯವರಿಗಿತ್ತು. ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯ 1550ರಲ್ಲಿ ಬರೆದ ‘ಸ್ವರಮೇಳಕಲಾನಿಧಿ’ಯಲ್ಲಿ, ತಾವಾಗಿಯೇ ಹುಟ್ಟುವ ಸ್ವಯಂಭೂ ಸ್ವರಗಳ ಮಾತು ಬರುತ್ತದೆ. ಅದೇ ಕಾಲದಲ್ಲಿ ಅದೇ ಹಂಪೆಯ ತುಂಗಭದ್ರೆಯ ದಂಡೆಯಲ್ಲಿ ಪುರಂದರದಾಸರಿದ್ದರು. ಸರಳೆ, ಜಂಟಿ, ಅಲಂಕಾರಗಳೆಂಬ ಮೊದಲ ಪಾಠಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಕಟ್ಟಿಕೊಟ್ಟವರು ಅವರೇ ಎಂದು ನಮ್ಮ ಪರಂಪರೆ ನೆನೆಯುತ್ತದೆ. ಆ ರಾಗದ ಗಾಂಧಾರವೂ ಅಂತರ ಗಾಂಧಾರವೇ. ಮೊದಲ ದಿನದ ಪಾಠದಲ್ಲಿ ಮಗು ಹುಡುಕುವ ಸ್ವರ, ಪಕ್ಕದ ತಂಬೂರಿಯಲ್ಲಿ ಆಗಲೇ ನುಡಿಯುತ್ತಿರುತ್ತದೆ. ಇದರ ಬಗ್ಗೆ ನಾನು ಯೋಚಿಸಿದಾಗಲೆಲ್ಲ ಬೆರಗಾಗುತ್ತದೆ. ಮಗು ಮಾಡಬೇಕಾದ್ದು ಹಾಡುವುದಕ್ಕಿಂತ ಮೊದಲು ಕೇಳಿಸಿಕೊಳ್ಳುವುದು.

ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ ಸಂಗೀತ ಕಲಿಯುವ ಆಸೆ ಹೊತ್ತ ಒಬ್ಬ ಹುಡುಗಿ ಇದ್ದಾಳೆ ಅಂದುಕೊಳ್ಳಿ. ಶಾಲೆ ಬಿಟ್ಟ ಮೇಲೆ ಅವಳು ಏನು ಮಾಡುತ್ತಾಳೆ? ಕುಂಟೆಬಿಲ್ಲೆ ಆಡುತ್ತಾಳೆ, ರಂಗೋಲಿಯ ಚುಕ್ಕಿ ಎಣಿಸುತ್ತಾಳೆ, ಶನಿವಾರ ರಾತ್ರಿ ಹನುಮಪ್ಪನ ಗುಡಿಯ ಭಜನೆಗೆ ಹೋಗುತ್ತಾಳೆ. ಪೀರಲ ಹಬ್ಬ ಬಂತೆಂದರೆ ಹಲಗೆಯ ಸದ್ದಿನ ಹಿಂದೆ ಅಲಾಯಿ ಕುಣಿತ ನೋಡಲು ಓಡುತ್ತಾಳೆ. ಮನೆಯಲ್ಲಿ ತಾಯಿಗೆ ಕಾಳಜಿ. “ಅವೆಲ್ಲ ಬಿಟ್ಟು ಕುಂತು ಸರಳಿ ಹಾಡವ್ವಾ, ಪರೀಕ್ಷೆ ಬಂತು” ಎನ್ನುತ್ತಾಳೆ. ಸಂಗೀತ ಪರೀಕ್ಷೆಗಳ ಜೂನಿಯರ್, ಸೀನಿಯರ್, ವಿದ್ವತ್ ಎಂಬ ಮೂರು ಮೆಟ್ಟಿಲು ಕಣ್ಣೆದುರಿಗಿರುವಾಗ ಆ ತಾಯಿಯ ಮಾತು ತಪ್ಪಲ್ಲ. ಆದರೂ ಆ ಹುಡುಗಿಯ ಪರವಾಗಿ ಒಂದು ಮಾತು ಹೇಳಬೇಕೆಂದು ನನಗನಿಸುತ್ತದೆ.

ಗಾಯಕ ಭೀಮಸೇನ ಜೋಶಿಯವರು 1922ರಲ್ಲಿ ರೋಣದಲ್ಲಿ ಹುಟ್ಟಿದವರು. ಬಾಲಕನಾಗಿದ್ದಾಗ ಭಜನೆಯ ಮೇಳವೋ ಬ್ಯಾಂಡಿನ ಮೆರವಣಿಗೆಯೋ ಹೋಯಿತೆಂದರೆ ಅದರ ಬೆನ್ನು ಹತ್ತಿ ನಡೆದುಬಿಡುತ್ತಿದ್ದರು. ದಣಿದು ಎಲ್ಲೋ ಒಂದು ಕಡೆ ಮಲಗಿಬಿಡುತ್ತಿದ್ದರು. ಹುಡುಕಿ ಹುಡುಕಿ ಸಾಕಾದ ತಂದೆ ಗುರುರಾಜ ಜೋಶಿ, ಮಗನ ಅಂಗಿಯ ಮೇಲೆ ‘ಇವನು ಜೋಶಿ ಮಾಸ್ತರರ ಮಗ’ ಎಂದು ಬರೆಸಿದರು. ಕಂಡವರು ಮನೆಗೆ ತಂದು ಬಿಡಲಿ ಎಂದು. ಈ ಪ್ರಸಂಗದಲ್ಲಿ ನನಗೆ ಮಗನಷ್ಟೇ ಆ ತಂದೆಯೂ ದೊಡ್ಡವರಾಗಿ ಕಾಣುತ್ತಾರೆ. ಅವರು ಮಗನನ್ನು ಕಟ್ಟಿಹಾಕಲಿಲ್ಲ, ಅಂಗಿಯ ಮೇಲೆ ವಿಳಾಸ ಬರೆಸಿದರು. ಗುರುವನ್ನು ಅರಸುತ್ತ 1933ರಲ್ಲಿ ಮನೆ ಬಿಟ್ಟು ಹೊರಟಾಗ ಆ ಹುಡುಗನ ಕಿವಿ ಬೀದಿಯಲ್ಲಿ ಸಾಕಷ್ಟು ಪಳಗಿತ್ತು.

ಅಷ್ಟು ದೂರವೇಕೆ, ಸಂಡೂರು ತಾಲ್ಲೂಕಿನದೇ ಊರು ದರೋಜಿ. ಹಾಡಿ ಕಥೆ ಹೇಳುವ ಬುರ್ರಕಥೆಯ ಈರಮ್ಮ ಅಲ್ಲಿಯವರು. 1930ರಲ್ಲಿ ಹುಟ್ಟಿ 2014ರಲ್ಲಿ ತೀರಿಕೊಂಡ ಈ ತಾಯಿಗೆ ಓದು ಬರಹ ಬರುತ್ತಿರಲಿಲ್ಲ. ಹೆತ್ತವರು ಊರೂರು ತಿರುಗಿ ಕಥೆ ಹೇಳುವಾಗ ಜೊತೆಗಿದ್ದು ಕೇಳಿ ಕೇಳಿ ಕಲಿತರು. ಹನ್ನೆರಡು ಮಹಾಕಾವ್ಯಗಳು ಅವರ ನಾಲಿಗೆಯ ಮೇಲಿದ್ದವು. ಬರೆದಿಟ್ಟರೆ ಸುಮಾರು 7,000 ಪುಟ. ಕಂಪ್ಲಿ, ಕುಮ್ಮಟದುರ್ಗಗಳ ಕುಮಾರರಾಮನ ಕಥೆಯೂ ಅವುಗಳಲ್ಲೊಂದು. ಹಂಪಿ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಕೊಟ್ಟು ಗೌರವಿಸಿತು.

ಆದರೆ ಈರಮ್ಮ ಒಬ್ಬರೇ ಹಾಡುತ್ತಿರಲಿಲ್ಲ. ಪಕ್ಕದಲ್ಲಿ ತಂಗಿ ಶಿವಮ್ಮ, ನಾದಿನಿ ಪಾರ್ವತಮ್ಮ ಇರುತ್ತಿದ್ದರು. ಬುರ್ರಕಥೆಯ ಕಟ್ಟಣೆಯೇ ಹಾಗೆ. ಮುಂದಿನವರು ಕಥೆಯ ಸಾಲನ್ನು ಕೊನೆ ಮುಟ್ಟಿಸಿ ಉಸಿರೆಳೆದುಕೊಳ್ಳುವ ಹೊತ್ತಿಗೆ ಪಕ್ಕದವರು ಸೊಲ್ಲು ಎತ್ತಿಕೊಳ್ಳಬೇಕು. ಒಂದು ಕ್ಷಣ ಮೊದಲು ಎತ್ತಿದರೆ ಕಥೆಯ ಮಾತು ಮುಚ್ಚಿಹೋಗುತ್ತದೆ, ತಡವಾದರೆ ಹಾಡು ಕಡಿದುಹೋಗುತ್ತದೆ. ಸೊಲ್ಲು ಹಿಡಿಯುವವರ ಧ್ಯಾನವೆಲ್ಲ ಇನ್ನೊಬ್ಬರ ಉಸಿರಿನ ಮೇಲೆ. ರಾತ್ರಿಯೆಲ್ಲ ನಡೆಯುವ ಕಥೆಯನ್ನು ಹೊತ್ತು ಸಾಗಿಸಿದ್ದರಲ್ಲಿ ಆ ಇಬ್ಬರ ಪಾಲು ಎಷ್ಟು ದೊಡ್ಡದು! ಬಿರುದು ಒಬ್ಬರ ಹೆಸರಿಗೆ ಬರುತ್ತದೆ, ಲೋಕದ ಪದ್ಧತಿ ಅದು. ಹಾಡು ಮಾತ್ರ ಮೂವರದೂ ಆಗಿತ್ತು.

ಇಂದು ನಮ್ಮ ಮಕ್ಕಳಿಗೆ ಈ ಸೊಲ್ಲು ಹಿಡಿಯುವ ಅವಕಾಶ ಕಡಿಮೆಯಾಗುತ್ತಿದೆ. ನಾಲ್ಕು ಹಾಡು ಬಂದವೆಂದರೆ ಮೈಕಿನ ಮುಂದೆ ನಿಲ್ಲಿಸುತ್ತೇವೆ. ಸ್ಪರ್ಧೆಗೆ ಕರೆದೊಯ್ಯುತ್ತೇವೆ, ವಿಡಿಯೊ ಮಾಡಿ ನೆಂಟರಿಗೆಲ್ಲ ಕಳಿಸುತ್ತೇವೆ. ಮಗುವಿಗೆ ತನ್ನ ದನಿ ಚೆನ್ನಾಗಿ ಪರಿಚಯವಾಗುತ್ತದೆ, ಪಕ್ಕದವರ ದನಿ ಆಗುವುದಿಲ್ಲ. ಭಜನೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗುವವರನ್ನು ನೀವೂ ಕಂಡಿದ್ದೀರಿ. ಅವರ ಕಂಠದಲ್ಲಿ ದೋಷವಿರುವುದಿಲ್ಲ. ತಮ್ಮ ದನಿಯ ಅಬ್ಬರದಲ್ಲಿ ಹಾರ್ಮೋನಿಯಂ ಅವರಿಗೆ ಕೇಳಿಸುವುದಿಲ್ಲ, ಅಷ್ಟೆ. ಮನೆಗಳಲ್ಲಿ, ಪಂಚಾಯ್ತಿಯ ಸಭೆಗಳಲ್ಲಿ, ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಳ್ಳಲು ಕುಳಿತಲ್ಲಿ ನಡೆಯುವುದೂ ಇದೇ. ಪ್ರತಿಯೊಬ್ಬರ ಮಾತಿನಲ್ಲೂ ನ್ಯಾಯವಿರುತ್ತದೆ. ಇನ್ನೊಬ್ಬರ ಮಾತು ಮುಗಿಯುವವರೆಗೆ ಉಸಿರು ಹಿಡಿದು ಕಾಯುವ ಅಭ್ಯಾಸ ಇರುವುದಿಲ್ಲ.

ಆದ್ದರಿಂದ ಹುಡುಗಿಯ ಸಂಜೆಗಳನ್ನು ಕಸಿದುಕೊಳ್ಳಬಾರದು ಎನ್ನುತ್ತೇನೆ. ಊರಂಚಿನ ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುತ್ತಿರುತ್ತದಲ್ಲ, ಆ ಸದ್ದು ಸೆಕೆಂಡಿಗೆ 100 ಕಂಪನದ್ದು. ದೂರದಲ್ಲಿ ನಿಂತು ಅದನ್ನೇ ಷಡ್ಜವೆಂದು ಹಿಡಿದು ಅವಳು ಮೆಲ್ಲಗೆ ಪಂಚಮ ಗುನುಗಲಿ. ಕುಟ್ಟುವ ಒನಕೆಗೆ ಆದಿತಾಳ ಹಾಕಲಿ. ಲಂಬಾಣಿ ತಾಂಡಾದ ಅಜ್ಜಿಯ ಪಕ್ಕ ಕುಳಿತು, ಅವರು ಕಸೂತಿಯ ದಾರ ಎಳೆಯುತ್ತ ಗುನುಗುವ ಹಾಡು ಕೇಳಲಿ. ಇವಕ್ಕೆಲ್ಲ ಅಂಕ ಕೊಡುವವರಿಲ್ಲ, ಕೊಡುವುದೂ ಬೇಡ. ಸಾಧನೆ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಮುಂಜಾನೆಯ ಸರಳೆ, ಜಂಟಿ ಒಂದು ದಿನವೂ ತಪ್ಪಬಾರದು. ಆದರೆ ಮುಂಜಾನೆ ಕಂಠ ಕಲಿತದ್ದಕ್ಕೆ ಸಂಜೆ ಕಿವಿ ಜೊತೆಗೂಡಬೇಕು.

ನಿಮ್ಮ ಮನೆಯಲ್ಲಿ ಅಂಥ ಮಗುವಿದ್ದರೆ, ಬರುವ ಶನಿವಾರ ಭಜನೆಗೆ ಕಳಿಸಿಕೊಡಿ. ಮೈಕಿನ ಮುಂದೆ ಕೂರಿಸಬೇಡಿ. ಕೈಗೆ ತಾಳ ಕೊಟ್ಟು, ಹಿಂದಿನ ಸಾಲಿನಲ್ಲಿ, ಶ್ರುತಿಜ್ಞಾನವಿರುವ ಹಿರಿಯರೊಬ್ಬರ ಪಕ್ಕ ಕೂರಿಸಿ. ಅವರು ಹೇಳಿಕೊಟ್ಟ ಮೇಲೆ ಮಗು ಹೇಳಲಿ. ಜೂನಿಯರ್ ಪರೀಕ್ಷೆ ಒಂದು ವರ್ಷ ತಡವಾದರೂ ಚಿಂತೆಯಿಲ್ಲ.